22 ಇಂಚಿನ ಬಾರ್ ಯಾರಿಗೆ ಬೇಕು?

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೋ ಬಂದೇ ಬರುತ್ತದೆ. ರಸ್ತೆಗೆ ಅಡ್ಡ ಬಿದ್ದ ಮರ, ಆಚೆ ಈಚೆ ಸಾಲಾಗಿ ನಿಂತ ಬಸ್ಸು ಜೀಪು, ನಡುವೆ ಪಂಚೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ನಿಂತು ಮರ ಕೊಯ್ಯುವ ಮೆಷಿನ್, ಅಂದರೆ ಚೈನ್ ಗರಗಸ, ಹಿಡಿದ ಒಬ್ಬ. ಎಲ್ಲರೂ ಮರ ನೋಡುತ್ತಾರೆ. ನಾನು ಅವನ ಕೈಯಲ್ಲಿರುವ ಮೆಷಿನ್ನಿನ ಬಾರ್ ನೋಡುತ್ತೇನೆ. ಬಹಳ ಸಲ ಅದು ಆ ಮರಕ್ಕೆ ಬೇಕಾದ್ದಕ್ಕಿಂತ ಉದ್ದ, ಆ ಇಂಜಿನ್ನಿಗೆ ಹೊರಲಾಗದಷ್ಟು ಉದ್ದ ಇರುತ್ತದೆ. ಅದರ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಜಾಗ ಇದ್ದರೆ ಹಾಕಿ.

ಬಾರ್ ಅಂದರೆ ಚೈನ್ ಸುತ್ತಿ ಓಡುವ ಆ ಉಕ್ಕಿನ ಪಟ್ಟಿ. ನಮ್ಮ ಕಡೆ ಕೆಲವರು ಪ್ಲೇಟ್ ಅನ್ನುತ್ತಾರೆ, ಕೆಲವರು ಬ್ಲೇಡ್ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ, 'ಎಷ್ಟು ಇಂಚಿಂದು?' ಉತ್ತರ ದೊಡ್ಡದಾದಷ್ಟೂ ಕೊಂಡವನಿಗೆ ಖುಷಿ.

ನಾನೂ ಹಾಗೆಯೇ ಕೊಂಡವನು. ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ ನಾನು, ಆರು ಎಕರೆ ತೋಟ. ನೆರಳಿಗೆ, ಮೆಣಸಿಗೆ ಅಂತ ಸಿಲ್ವರ್ ಓಕ್ ಜಾಸ್ತಿ, ನಡುನಡುವೆ ಹಲಸು, ಮತ್ತಿ, ನಂದಿ, ಹಾಲುವಾಣ. ಮೆಷಿನ್ ತರಲು ಹೋದಾಗ ಅಂಗಡಿಯವರು ಒಂದೇ ಪ್ರಶ್ನೆ ಕೇಳಿದರು, 'ನಿಮ್ ತೋಟದಲ್ಲಿ ಎಲ್ಲಕ್ಕಿಂತ ದಪ್ಪ ಮರ ಎಷ್ಟಿದೆ ಸಾರ್?' ಗೇಟಿನ ಹತ್ತಿರ ಐದಡಿ ಸುತ್ತಿನ ಹಲಸು ಇದೆ ಅಂದೆ. 'ಹಂಗಾದ್ರೆ 22 ಇಂಚೇ ಆಗ್ಬೇಕು' ಅಂದರು. ಸ್ಟಿಕ್ಕರ್ ಮೇಲೆ 58 ಸಿಸಿ ಅಂತ ಬರೆದಿದ್ದ, ಕಂಪನಿ ಹೆಸರು ಯಾರಿಗೂ ಗೊತ್ತಿಲ್ಲದ ಒಂದು ಮೆಷಿನ್ ಕೊಟ್ಟರು. ಅಗ್ಗಕ್ಕೆ ಸಿಕ್ಕಿತು ಅಂತ ನಾನೂ ಹಿಗ್ಗಿದೆ. ಆ ಹಲಸನ್ನು ಕಡಿಯುವ ಯೋಚನೆ ನನಗೆ ಕನಸಲ್ಲೂ ಇರಲಿಲ್ಲ ಅನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು. ಮನೆಯವಳು ಕೇಳಿದ್ದಕ್ಕೆ ಹೊಳೆಯಿತು ಅನ್ನುವುದು ಸರಿ.

ಆ ಪ್ರಶ್ನೆಯೇ ತಪ್ಪು. ತೋಟದಲ್ಲಿ ಎಲ್ಲಕ್ಕಿಂತ ದಪ್ಪ ಮರ ಯಾವುದು ಅಂತ ಕೇಳಬಾರದು. ವರ್ಷದಲ್ಲಿ ಜಾಸ್ತಿ ದಿನ ಏನು ಕೊಯ್ಯುತ್ತೀರಿ ಅಂತ ಕೇಳಬೇಕು. ನಮ್ಮಲ್ಲಿ ವರ್ಷಪೂರ್ತಿ ಆಗುವ ಕೆಲಸ ಏನು? ಕೊಯ್ಲು ಮುಗಿದ ಮೇಲೆ, ಮುಂಗಾರು ಹಿಡಿಯುವ ಮೊದಲು ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವುದು. ಅಲ್ಲಿ ಕೆಳಗೆ ಬಿದ್ದ ಕೊಂಬೆ ತುಂಡು ಮಾಡಬೇಕು, ಅದು ಮೂರರಿಂದ ಎಂಟು ಇಂಚು ದಪ್ಪ. ಆಮೇಲೆ ಸೌದೆ. ಆಮೇಲೆ ಒಣಗಿದ ಅಡಿಕೆ ಮರ, ಅದು ಅಂಗೈಗಿಂತ ಸ್ವಲ್ಪ ಅಗಲ. ಮಳೆಯಲ್ಲಿ ಬಿದ್ದ ಒಂದೆರಡು ಸಿಲ್ವರ್ ಓಕ್, ಹನ್ನೆರಡು ಹದಿನಾಲ್ಕು ಇಂಚು. ಇಷ್ಟೇ. ಇದಕ್ಕೆ 22 ಇಂಚು ಹಿಡಿದು ಓಡಾಡುವುದು ಅಂದರೆ ಒಗ್ಗರಣೆಗೆ ಕೊಪ್ಪರಿಗೆ ಇಟ್ಟ ಹಾಗೆ.

ಮೊದಲ ಮರಗಸಿಯಲ್ಲೇ ಬುದ್ಧಿ ಬಂತು. ಕಾಫಿ ತೋಟ ಅಂದರೆ ಬಯಲಲ್ಲ, ಆರಡಿಗೊಂದು ಗಿಡ. ಬಿದ್ದ ಕೊಂಬೆ ಗಿಡದ ನಡುವೆ ಸಿಕ್ಕಿಕೊಂಡಿರುತ್ತದೆ. ಈಚೆಯಿಂದ ಕೊಯ್ಯುತ್ತಿದ್ದರೆ ಬಾರಿನ ತುದಿ ಒಂದಡಿ ಆಚೆ, ಸೊಪ್ಪಿನ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿರುತ್ತದೆ. ಒಮ್ಮೆ ಅದು ಚೆನ್ನಾಗಿ ಫಸಲು ಕೊಡುತ್ತಿದ್ದ ಅರೇಬಿಕಾ ಗಿಡದ ಬುಡವನ್ನೇ ಕೊಯ್ದಿತು. ಇನ್ನೊಮ್ಮೆ ನೆಲಕ್ಕೆ ಇಳಿದು ಮಣ್ಣು ತಿಂದಿತು. ಮಣ್ಣು ಒಂದೇ ಒಂದು ಸೆಕೆಂಡ್ ತಾಗಿದರೂ ಸಾಕು, ಚೈನಿನ ಹಲ್ಲಿನ ಹರಿತ ಹೋದ ಹಾಗೆಯೇ. ಮೂರನೇ ಸಲ ಆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮನ್ನುತ್ತದೆ. ತುದಿಯ ಮೇಲ್ಭಾಗ ಸೊಪ್ಪಿನೊಳಗಿದ್ದ ಇನ್ನೊಂದು ಕೊಂಬೆಗೆ ತಾಗಿ ಇಡೀ ಮೆಷಿನ್ ಒಂದೇ ಏಟಿಗೆ ಮುಖದ ಕಡೆ ಎಗರಿತು, ಚೈನ್ ಬ್ರೇಕ್ ಎಡಗೈ ಮಣಿಕಟ್ಟಿಗೆ ಬಡಿದು ಚೈನ್ ನಿಂತಿತು, ನಾನು ಹಿಂದಕ್ಕೆ ಬಿದ್ದು ಒಂದು ನಿಮಿಷ ಅಲ್ಲೇ ಕೂತಿದ್ದೆ.

ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಬಾರಿನ ಮೂಗನ್ನು ಗಡಿಯಾರದ ಮುಖ ಅಂದುಕೊಂಡರೆ, ಹನ್ನೆರಡರಿಂದ ಮೂರರವರೆಗಿನ ಭಾಗ ಇದೆಯಲ್ಲ, ಅದೇ ಅಪಾಯದ ಜಾಗ. ಕೆಳಗಿನ ಚೈನ್ ಮರವನ್ನು ಕೊಯ್ಯುವಾಗ ಮೆಷಿನ್ನನ್ನು ಮುಂದಕ್ಕೆ ಎಳೆಯುತ್ತದೆ, ಮೇಲಿನ ಚೈನ್ ಹಿಂದಕ್ಕೆ ದೂಡುತ್ತದೆ. ಇವೆರಡನ್ನೂ ಕೈ ತಡೆದುಕೊಳ್ಳಬಹುದು. ಆದರೆ ಮೂಗಿನ ಆ ಭಾಗ ಗಟ್ಟಿ ವಸ್ತುವಿಗೆ ತಾಗಿದರೆ ಬಾರ್ ಮೇಲಕ್ಕೆ ತಿರುಗಿ ನಮ್ಮ ಕಡೆಗೇ ಬರುತ್ತದೆ, ಕಣ್ಣು ಮಿಟುಕಿಸುವಷ್ಟೂ ಹೊತ್ತು ಕೊಡುವುದಿಲ್ಲ. ಗಿಡ್ಡ ಬಾರಿಗೆ ಇದು ಆಗಲ್ಲ ಅಂತ ನಾನು ಹೇಳುತ್ತಿಲ್ಲ, ಅದಕ್ಕೂ ಆಗುತ್ತದೆ. ಆದರೆ ಗಿಡ್ಡ ಬಾರಿನ ತುದಿ ಎಲ್ಲಿದೆ ಅಂತ ನಮಗೆ ಕಾಣುತ್ತಿರುತ್ತದೆ, ಅಷ್ಟೇ ವ್ಯತ್ಯಾಸ. ತೋಟದೊಳಗೆ ಆ ವ್ಯತ್ಯಾಸ ಬಹಳ ದೊಡ್ಡದು.

ಅದಾದ ವಾರಕ್ಕೆ ನಾಟಾ ಕೆಲಸದ ಹಿರಿಯರೊಬ್ಬರು ತೋಟಕ್ಕೆ ಬಂದಿದ್ದರು. ನಾವೆಲ್ಲ ಕಾಕಾ ಅಂತ ಕರೆಯುತ್ತೇವೆ. ಕೈಗರಗಸದ ಕಾಲದಿಂದ ಮರ ಕೊಯ್ದವರು. ನನ್ನ ಮೆಷಿನ್ ಎತ್ತಿ ನೋಡಿ, ತುದಿ ಕೆಳಗೆ ವಾಲಿದ್ದನ್ನು ನೋಡಿ ನಕ್ಕರು. 'ಸಾಹುಕಾರ್ರೆ, ಇದು ಮರ ಕೊಯ್ಯೋದಕ್ಕೆ ತಂದಿದ್ದಾ, ಊರೋರಿಗೆ ತೋರ್ಸೋದಕ್ಕೆ ತಂದಿದ್ದಾ?' ನಾನು ಐದಡಿ ಹಲಸಿನ ಕಥೆ ಹೇಳಿದೆ. ಅವರು ಸೊಂಟದಿಂದ ಒಂದು ದಾರ ತೆಗೆದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಲೆನಾಡಿನಲ್ಲಿ ಮರವನ್ನು ಯಾರೂ ಅಡ್ಡಳತೆಯಲ್ಲಿ ಹೇಳುವುದಿಲ್ಲ, ಸುತ್ತಳತೆಯಲ್ಲಿ ಹೇಳುತ್ತಾರೆ. 'ನಾಲ್ಕೂವರೆ ಅಡಿ ಸುತ್ತು' ಅಂದರೆ ಕಿವಿಗೆ ರಾಕ್ಷಸ ಮರದ ಹಾಗೆ ಕೇಳುತ್ತದೆ. ಆದರೆ ಬಾರಿಗೆ ಸುತ್ತಿನ ಹಂಗಿಲ್ಲ, ಅದಕ್ಕೆ ಬೇಕಾದ್ದು ದಪ್ಪ. ನಾಲ್ಕೂವರೆ ಅಡಿ ಅಂದರೆ 54 ಇಂಚು, ಅದನ್ನು 3.14ರಿಂದ ಭಾಗಿಸಿದರೆ ಬರುವುದು 17 ಇಂಚು ಚಿಲ್ಲರೆ. ಅಷ್ಟೇ! ಸುತ್ತಿನ ಲೆಕ್ಕ ತಲೆಯಲ್ಲಿಟ್ಟುಕೊಂಡು ಇಂಚಿನ ಲೆಕ್ಕದ ಸಾಮಾನು ಕೊಳ್ಳಲು ಹೋಗುವುದರಿಂದಲೇ ಅರ್ಧ ಗೊಂದಲ ಆಗುತ್ತಿರುವುದು ಅಂತ ನನ್ನ ಅನಿಸಿಕೆ.

ಕಾಕಾ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಡ. ಮರವನ್ನು ಎಲ್ಲಿ ಕೊಯ್ಯುತ್ತೀರೋ ಅಲ್ಲೇ ದಾರ ಸುತ್ತಿ. ಎದೆ ಎತ್ತರದಲ್ಲಲ್ಲ, ಕೊಯ್ಯುವ ಎತ್ತರದಲ್ಲಿ, ಯಾಕೆಂದರೆ ಮತ್ತಿ, ಹಲಸಿನ ಬುಡ ಕೆಳಗೆ ಹೋದಷ್ಟೂ ಅಗಲ ಆಗುತ್ತದೆ. ಆ ದಾರವನ್ನು ಮೂರು ಸಮ ಮಡಿಕೆ ಮಾಡಿ. ಒಂದು ಮಡಿಕೆಯ ಉದ್ದವೇ ಮರದ ದಪ್ಪ. ಕಟ್ಟುನಿಟ್ಟಾಗಿ ನೋಡಿದರೆ ನಿಜವಾದ ದಪ್ಪಕ್ಕಿಂತ ಒಂದು ಚೂರು ಜಾಸ್ತಿ ಬರುತ್ತದೆ, 54 ಇಂಚಿನ ದಾರಕ್ಕೆ 18 ಬರುತ್ತದೆ. ಜಾಸ್ತಿ ಬಂದರೆ ಒಳ್ಳೆಯದೇ, ಹೇಗೂ ಬಾರ್ ಮರಕ್ಕಿಂತ ಒಂದೆರಡು ಇಂಚು ಆಚೆ ಚಾಚಿರಬೇಕು. ಹೀಗೆ ತೋಟದಲ್ಲಿ ನೀವು ನಿಜವಾಗಿ ಕೊಯ್ಯುವ ಒಂದಿಪ್ಪತ್ತು ಮರ, ಕೊಂಬೆ ಅಳೆದು ನೋಡಿ. ಯಾವ ಅಳತೆ ಮತ್ತೆ ಮತ್ತೆ ಬರುತ್ತದೋ ಅದಕ್ಕೆ ಎರಡು ಇಂಚು ಸೇರಿಸಿದರೆ ನಿಮ್ಮ ಬಾರ್. ನನಗೆ ಬಂದದ್ದು 14. ಗದ್ದೆ ಬದಿಯ ಅಕೇಶಿಯಾ ಸೇರಿಸಿಕೊಂಡರೂ 16 ದಾಟಲಿಲ್ಲ.

ಹಾಗಾದರೆ ಅದಕ್ಕಿಂತ ದಪ್ಪ ಮರ ಬಂದರೆ? ಬಂದರೆ ಎರಡು ಕಡೆಯಿಂದ ಕೊಯ್ಯಬಹುದು. 18 ಇಂಚಿನ ಬಾರಿನಲ್ಲಿ ಎರಡೂವರೆ ಅಡಿ ದಪ್ಪದ ಮರ ಉರುಳಿಸುವವರನ್ನು ನೋಡಿದ್ದೇನೆ. ಮರ ಬೀಳಬೇಕಾದ ಕಡೆ ಮೊದಲು ಬಾಯಿ ತೆಗೆದು, ಹಿಂದಿನಿಂದ ಒಂದು ಬದಿ, ಆಮೇಲೆ ಇನ್ನೊಂದು ಬದಿ, ನಡುವೆ ಕೀಲಿನ ಹಾಗೆ ಸ್ವಲ್ಪ ಮರ ಕೊಯ್ಯದೆ ಬಿಡುತ್ತಾರೆ. ಆ ಕೀಲೇ ಮರವನ್ನು ಹಿಡಿದು ಬೇಕಾದ ಕಡೆ ಬಗ್ಗಿಸುವುದು. ಆದರೆ ಇದು ಕಲಿತವರ ಕೆಲಸ. ಪತ್ರಿಕೆ ಓದಿ ಮಾಡುವಂಥದ್ದಲ್ಲ, ನಾನೂ ಮಾಡುವುದಿಲ್ಲ. ವರ್ಷಕ್ಕೆ ಒಂದೋ ಎರಡೋ ಬರುವ ದೊಡ್ಡ ಮರಕ್ಕೆ ದೊಡ್ಡ ಮೆಷಿನ್ ಇರುವವರನ್ನು ದಿನಗೂಲಿಗೆ ಕರೆಸುತ್ತೇನೆ. ನಾಲ್ಕು ಸಾವಿರ ಕೊಟ್ಟರೂ ಲಾಭವೇ. ಅನುಮತಿಯ ವಿಷಯ ಬೇರೆ ಇದೆ, 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಎಲ್ಲಾ ಜಾತಿಯ ಮರವನ್ನೂ ನಮ್ಮ ಜಾಗ ಅಂತ ನಮ್ಮಿಷ್ಟಕ್ಕೆ ಕಡಿಯಲು ಬರುವುದಿಲ್ಲ, ಅದನ್ನು ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಈಗ ಇಂಜಿನ್ ವಿಷಯ. ಬಾರ್ ಉದ್ದ ಆದಷ್ಟೂ ಮರದೊಳಗೆ ಒಟ್ಟಿಗೆ ಕಚ್ಚುವ ಹಲ್ಲು ಜಾಸ್ತಿ. ಅಷ್ಟೂ ಹಲ್ಲನ್ನು ಎಳೆಯುವ ತಾಕತ್ತು ಇಂಜಿನ್ನಿಗೆ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ? ಮರದ ನಡುವೆ ಹೋಗುತ್ತಿದ್ದ ಹಾಗೆ ಸದ್ದು ಇಳಿಯುತ್ತದೆ, ಚೈನ್ ನಿಲ್ಲುತ್ತದೆ, ಕ್ಲಚ್ ಮಾತ್ರ ಒಳಗೆ ಜಾರುತ್ತಾ ಬಿಸಿಯಾಗುತ್ತದೆ. ಸುಟ್ಟ ವಾಸನೆ ಬಂದರೆ ಅದೇ. ಆಗ ನಾವು ಏನು ಮಾಡುತ್ತೇವೆ, ಇನ್ನೂ ಒತ್ತುತ್ತೇವೆ! ಹರಿತ ಇರುವ ಚೈನನ್ನು ಒತ್ತುವುದೇ ಬೇಡ, ಮೆಷಿನ್ನಿನ ಭಾರಕ್ಕೇ ಅದು ಇಳಿಯಬೇಕು.

ಸಾಮಾನ್ಯವಾಗಿ 30 ಸಿಸಿ ಆಸುಪಾಸಿನ ಮೆಷಿನ್ನಿಗೆ 12 ಅಥವಾ 14 ಇಂಚು ಸರಿ, ತೀರಾ ಅಂದರೆ 16. ಸ್ಟಿಲ್ ಕಂಪನಿಯ ಎಂಎಸ್ 170 ಈ ಸಾಲಿನದು, ತೋಟಗಳಲ್ಲಿ ಬಹಳ ಕಾಣುತ್ತದೆ. 45ರಿಂದ 50 ಸಿಸಿಗೆ 16ರಿಂದ 18. 55, 60 ಸಿಸಿಗೆ 18, ಕೆಲಸ ಗೊತ್ತಿದ್ದವರಿಗೆ 20. ಎಪ್ಪತ್ತು ದಾಟಿದ ಮೇಲೆ 20ರಿಂದ 25ರ ಮಾತು. ಕಂಪನಿಯವರು ಪುಸ್ತಕದಲ್ಲಿ ಇಷ್ಟರಿಂದ ಇಷ್ಟರವರೆಗೆ ಹಾಕಬಹುದು ಅಂತ ಬರೆದಿರುತ್ತಾರೆ. ನನ್ನ ಮಾತು ಕೇಳುವುದಾದರೆ ಅದರಲ್ಲಿ ಗಿಡ್ಡದ್ದನ್ನೇ ಆರಿಸಿ. ಅದೇ ಇಂಜಿನ್ನಿಗೆ ಗಿಡ್ಡ ಬಾರ್ ಹಾಕಿ ನೋಡಿ, ಮೆಷಿನ್ ಹೊಸದಾದ ಹಾಗೆ ಅನಿಸುತ್ತದೆ. ನಾನು 22 ಬಿಚ್ಚಿ 18 ಹಾಕಿದ ದಿನ ಕೆಲಸದ ಹುಡುಗ ಕೇಳಿದ, 'ಕಾರ್ಬೊರೇಟರ್ ಕ್ಲೀನ್ ಮಾಡಿಸಿದ್ರಾ?' ಅಂತ.

ಹಲ್ಲಿನ ಲೆಕ್ಕ ಇನ್ನೂ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಚೈನಿನ ಕೆಳಗೆ ಬಾರಿನ ಸಂದಿಯಲ್ಲಿ ಓಡುವ ಕೊಂಡಿಗಳು ಇರುತ್ತವಲ್ಲ, ಅದರ ಅರ್ಧದಷ್ಟು ಕೊಯ್ಯುವ ಹಲ್ಲು ಇರುತ್ತದೆ. ನನ್ನ 22 ಇಂಚಿನ ಚೈನಿಗೆ 86 ಕೊಂಡಿ, ಅಂದರೆ 43 ಹಲ್ಲು. ಈಗ ಬಳಸುವ 14 ಇಂಚಿನ ಸಣ್ಣ ಮೆಷಿನ್ನಿನದಕ್ಕೆ 50 ಕೊಂಡಿ, 25 ಹಲ್ಲು. ಒಂದೊಂದು ಹಲ್ಲಿಗೂ ಮೂರು ನಾಲ್ಕು ಸಲ ಅರ ಎಳೆಯಬೇಕು. ದಿನಕ್ಕೆ ಎರಡು ಸಲ ಹರಿತ ಮಾಡುವವನಿಗೆ ಇದು ಸಣ್ಣ ವಿಷಯ ಅಲ್ಲ. 43 ಹಲ್ಲು ಇದ್ದಾಗ ನಾನು ಸೋಮಾರಿತನ ಮಾಡಿ ಮೊಂಡು ಚೈನಿನಲ್ಲೇ ದಿನ ದೂಡುತ್ತಿದ್ದೆ. ಮೊಂಡು ಚೈನ್ ಅಂದರೆ ಚೂರು ಚೂರು ಹೊಟ್ಟು ಬರುವುದಿಲ್ಲ, ರಾಗಿ ಹಿಟ್ಟಿನ ಹಾಗೆ ಪುಡಿ ಬರುತ್ತದೆ, ಆಗಲೇ ಗೊತ್ತಾಗುತ್ತದೆ. 25 ಹಲ್ಲನ್ನು ಚಹಾ ಕುಡಿಯುವ ಹೊತ್ತಿಗೆ ಮುಗಿಸಬಹುದು.

ಈ ಹಲ್ಲಿನ ಬಗ್ಗೆ ಒಂದು ಕಥೆ ಇದೆ, ಕಾಫಿ ಬೆಳೆಗಾರನಾಗಿ ನನಗೆ ಅದು ಬಹಳ ಇಷ್ಟ. ಮೊದಲು ಚೈನಿನ ಹಲ್ಲು ಕೈಗರಗಸದ ಹಲ್ಲಿನ ಹಾಗೆಯೇ ಇತ್ತು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಅನ್ನುವ ಮರ ಕಡಿಯುವವರು ಕಡಿದ ಮರದ ಬೊಡ್ಡೆಯಲ್ಲಿ ಹುಳು ಕೊರೆಯುವುದನ್ನು ನೋಡಿದರು. ತೋರುಬೆರಳು ಗಾತ್ರದ, ಉದ್ದ ಮೀಸೆಯ ಒಂದು ದುಂಬಿಯ ಮರಿಹುಳು, ಎಡಕ್ಕೆ ಬಲಕ್ಕೆ ಕಚ್ಚುತ್ತಾ, ನಾರಿನ ಜೊತೆಗೂ ನಾರಿಗೆ ಅಡ್ಡವಾಗಿಯೂ ಸಲೀಸಾಗಿ ಹೋಗುತ್ತಿತ್ತು. ಅದರ ದವಡೆಯನ್ನೇ ಉಕ್ಕಿನಲ್ಲಿ ಮಾಡಿದರೆ ಹೇಗೆ ಅಂದುಕೊಂಡು ಎಡ ಬಲ ಹಲ್ಲಿನ ಚೈನ್ ಮಾಡಿದರು, ಮುಂದಿನ ವರ್ಷ ಅದನ್ನು ಮಾರಲು ಶುರು ಮಾಡಿದರು. ಇವತ್ತು ನಾವು ಅರ ಹಾಕಿ ಉಜ್ಜುವ ಹಲ್ಲು ಅದರದೇ ಮೊಮ್ಮಗ. ಅರೇಬಿಕಾ ಗಿಡ ಕೊರೆದು ನಮ್ಮ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕವೂ ಅದೇ ಉದ್ದ ಮೀಸೆಯ ದುಂಬಿಗಳ ಬಳಗದ್ದೇ. ನಾವು ವರ್ಷವಿಡೀ ಹುಡುಕಿ ಹುಡುಕಿ ಸುಡುವ ಹುಳುವಿನ ನೆಂಟ ಇನ್ನೊಂದು ದೇಶದಲ್ಲಿ ಗರಗಸಕ್ಕೆ ಪಾಠ ಹೇಳಿಕೊಟ್ಟಿದೆ ನೋಡಿ.

ಸರಿ, ಬಾರಿಗೆ ವಾಪಸ್ ಬರುತ್ತೇನೆ. ಹೊಸ ಬಾರ್ ತರಲು ಹೋದಾಗ ಆಗುವ ಎರಡು ಎಡವಟ್ಟು ಹೇಳಿಬಿಡುತ್ತೇನೆ, ಎರಡನ್ನೂ ನಾನೇ ಮಾಡಿದ್ದೇನೆ. ಮೊದಲನೆಯದು, ಹಳೆ ಬಾರ್ ಬಿಚ್ಚಿ ಟೇಪ್ ಹಿಡಿದು ಈ ತುದಿಯಿಂದ ಆ ತುದಿಗೆ ಅಳೆಯುವುದು. ಇಂಚು ಅನ್ನುವುದು ಬಾರಿನ ಪೂರ್ತಿ ಉದ್ದ ಅಲ್ಲ. ಮೆಷಿನ್ನಿನ ಮೈಯಿಂದ ಹೊರಗೆ ಬಂದ ಜಾಗದಿಂದ ಮೂಗಿನ ತುದಿಯವರೆಗೆ ಮಾತ್ರ. ಬುಡದ ಒಂದಷ್ಟು ಭಾಗ ಕವರಿನ ಒಳಗೆ ಅಡಗಿರುತ್ತದೆ. ಪೂರ್ತಿ ಅಳೆದು ಹೋದರೆ ಎರಡು ಮೂರು ಇಂಚು ದೊಡ್ಡದೇ ಕೊಡುತ್ತಾರೆ.

ಎರಡನೆಯದು, ಉದ್ದ ಒಂದೇ ಹೇಳಿ ಚೈನ್ ತರುವುದು. ಉದ್ದದ ಜೊತೆ ಇನ್ನೂ ಮೂರು ಸಂಗತಿ ಹೊಂದಬೇಕು. ಚೈನಿನಲ್ಲಿ ಸಾಲಾಗಿ ಬರುವ ಮೂರು ರಿವೆಟ್ಟುಗಳ ನಡುವಿನ ಅಂತರದ ಅರ್ಧ, ಅದನ್ನು ಪಿಚ್ ಅನ್ನುತ್ತಾರೆ. ಸಣ್ಣ ಮೆಷಿನ್ನಿಗೆ ಮೂರು ಎಂಟನೇ ಇಂಚಿನ ತಗ್ಗು ಚೈನ್, ನಡುವಿನದಕ್ಕೆ .325 ಇಂಚು ಜಾಸ್ತಿ ಬಳಕೆ. ಆಮೇಲೆ ಬಾರಿನ ಸಂದಿಯ ಅಗಲ, ಅದು ಗೇಜ್, 1.1, 1.3, 1.5, 1.6 ಮಿಲಿಮೀಟರ್ ಅಂತ ಬರುತ್ತದೆ. ಕೊನೆಗೆ ಕೊಂಡಿಗಳ ಎಣಿಕೆ. 1.5ರ ಸಂದಿಗೆ 1.3ರ ಚೈನ್ ಹಾಕಿದರೆ ಕೂರುತ್ತದೆ, ಓಡುತ್ತದೆ, ಅಂಗಡಿಯವರು 'ಆಯ್ತು ನೋಡಿ' ಅನ್ನುತ್ತಾರೆ. ಆದರೆ ಚೈನ್ ಒಂದು ಕಡೆ ವಾಲಿ ಕೊಯ್ತ ಸೊಟ್ಟಗೆ ಹೋಗುತ್ತದೆ. ನಾನು ಒಂದು ತಿಂಗಳು ಹಲ್ಲು ಸರಿ ಇಲ್ಲ ಅಂದುಕೊಂಡು ಅರ ಸವೆಸಿದೆ. ಈ ನಂಬರುಗಳೆಲ್ಲ ಬಾರಿನ ಬುಡದಲ್ಲೇ ಅಚ್ಚು ಹೊಡೆದಿರುತ್ತಾರೆ, ಎಣ್ಣೆ ಜಿಡ್ಡು ಒರೆಸಿ ನೋಡಿದರೆ ಕಾಣುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಎಣ್ಣೆ ಅಂದಾಗ ನೆನಪಾಯಿತು. ಉದ್ದ ಬಾರಿಗೆ ಎಣ್ಣೆ ಜಾಸ್ತಿ ಬೇಕು, ಸಣ್ಣ ಮೆಷಿನ್ನಿನ ಪಂಪಿಗೆ ತುದಿಯವರೆಗೆ ಮುಟ್ಟಿಸುವ ಶಕ್ತಿ ಇರುವುದಿಲ್ಲ. ಬಾರಿನ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಎಣ್ಣೆ ಇಲ್ಲದೆ ಸುಟ್ಟಿದೆ ಅಂತ ಅರ್ಥ. ನಾನು ಮಾಡುವ ಪರೀಕ್ಷೆ ಸುಲಭ. ಒಂದು ಒಣಗಿದ ಅಡಿಕೆ ಹಾಳೆ ನೆಲದ ಮೇಲಿಟ್ಟು, ಬಾರಿನ ತುದಿಯನ್ನು ಅದಕ್ಕೆ ತಾಗದ ಹಾಗೆ ಒಂದು ಗೇಣು ಮೇಲೆ ಹಿಡಿದು ಆಕ್ಸಿಲೇಟರ್ ಕೊಡುತ್ತೇನೆ. ಹಾಳೆ ಮೇಲೆ ಎಣ್ಣೆಯ ಗೆರೆ ಬಿದ್ದರೆ ಸರಿ. ಬೀಳದಿದ್ದರೆ ಎಣ್ಣೆ ತೂತು ಹೊಟ್ಟು ಕಟ್ಟಿರುತ್ತದೆ. ಗಾಡಿಯಿಂದ ಇಳಿಸಿದ ಕಪ್ಪು ಆಯಿಲ್ ಸುರಿಯುವ ಅಭ್ಯಾಸ ನಮ್ಮಲ್ಲಿ ಮನೆ ಮನೆಯಲ್ಲೂ ಇದೆ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಬಾರನ್ನೇ ತಿನ್ನುತ್ತದೆ, ಮೇಲಿಂದ ಕಾಫಿ ಗಿಡದ ಮೇಲೆಲ್ಲ ಸಿಡಿಯುತ್ತದೆ. ಬೇಡ. ಮತ್ತೆ ಬಾರನ್ನು ಆಗಾಗ ಮೇಲೆ ಕೆಳಗೆ ಮಾಡಿ ಹಾಕಿ, ಎರಡೂ ಅಂಚು ಸಮ ಸವೆಯಲಿ.

ಉದ್ದ ಬಾರ್ ಯಾರಿಗೂ ಬೇಡವೇ ಅಂದರೆ, ಹಾಗಲ್ಲ. ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ದೊಡ್ಡ ಮರದ ಕೆಲಸದವರು 28, 32 ಇಂಚಿನದನ್ನೇ ಹಿಡಿಯುತ್ತಾರೆ, ಬಿದ್ದ ಮರದ ಕೊಂಬೆ ತೆಗೆಯುವಾಗ ಬಗ್ಗಬೇಕಾಗಿಲ್ಲ ಅನ್ನುವುದೂ ಒಂದು ಕಾರಣ. ಆದರೆ ಅವರ ಇಂಜಿನ್ 70, 90 ಸಿಸಿ. ಅದೇ ಸ್ವೀಡನ್ ಕಡೆಯ ಕೆಲಸಗಾರರು ಇಡೀ ದಿನ 15, 16 ಇಂಚಿನಲ್ಲೇ ಕಾಡು ಕಡಿಯುತ್ತಾರೆ. ಬೆಂಗಳೂರಿನ ರಸ್ತೆ ಬದಿಯ ಹಳೆ ಮಳೆಮರ ಬುಡಸಮೇತ ಬಿದ್ದಾಗ ಅಲ್ಲಿ 24 ಇಂಚು ಇದ್ದರೇ ಕೆಲಸ ಸಾಗುವುದು. ನಮ್ಮ ಬೆನ್ನು ನೋವಿನವರು ಹೇಳುವ 'ಬಗ್ಗೋದು ತಪ್ಪುತ್ತೆ' ಅನ್ನುವ ಮಾತಿನಲ್ಲೂ ಸತ್ಯ ಇದೆ. ಆದರೆ ಬಗ್ಗುವುದು ತಪ್ಪಿಸಲು ಹೋಗಿ ಮೂಗು ಭಾರದ ಮೆಷಿನ್ನನ್ನು ದಿನವಿಡೀ ಎತ್ತಿ ಹಿಡಿದರೆ ಬೆನ್ನಿನ ನೋವು ಹೆಗಲಿಗೆ ಹೋಗುತ್ತದೆ, ಅಷ್ಟೇ.

ತೀರಾ ಗಿಡ್ಡದ್ದರ ಬಗ್ಗೆಯೂ ಎಚ್ಚರ ಬೇಕು. ಈಗ ಆನ್‌ಲೈನಿನಲ್ಲಿ ಆರು ಇಂಚಿನ ಬ್ಯಾಟರಿ ಗರಗಸ ಬಂದಿದೆ. ಗಿಡ ಸವರಲು ಚೆನ್ನಾಗಿದೆ, ನನ್ನ ಹತ್ತಿರವೂ ಇದೆ. ಒಂದೇ ಕೈಯಲ್ಲಿ ಹಿಡಿಯುವುದರಿಂದ ಇನ್ನೊಂದು ಕೈ ತಾನಾಗಿಯೇ ಕೊಂಬೆ ಹಿಡಿಯಲು ಮುಂದೆ ಹೋಗುತ್ತದೆ, ಅದೇ ಅದರ ಅಪಾಯ. ಮರದ ಮೇಲೆ ಹತ್ತಿ ಕೊಯ್ಯುವವರಿಗೆ ಅಂತಲೇ ಮೇಲೆ ಹಿಡಿ ಇರುವ 12, 14 ಇಂಚಿನ ಮೆಷಿನ್ ಬರುತ್ತದೆ, ಅದು ಹಗ್ಗ ಬೆಲ್ಟು ಕಟ್ಟಿ ತರಬೇತಿ ಪಡೆದವರಿಗೆ ಮಾಡಿದ್ದು. ನಮ್ಮಲ್ಲಿ ಒಂಟಿ ಬಿದಿರಿನ ಏಣಿ ಮೇಲೆ ನಿಂತು ಒಂದು ಕೈಯಲ್ಲಿ ಮರ ತಬ್ಬಿ ಇನ್ನೊಂದರಲ್ಲಿ ಮೆಷಿನ್ ಓಡಿಸುವ ಹುಡುಗರಿದ್ದಾರೆ. ಮರದ ಮೇಲಿನ ಮರಗಸಿಗೆ ಇವತ್ತಿಗೂ ಕತ್ತಿಯೇ ವಾಸಿ ಅನ್ನುವವನು ನಾನು. ಅದಾಗದಿದ್ದರೆ ನೆಲದಲ್ಲೇ ನಿಂತು ಉದ್ದ ಕೋಲಿನ ಗರಗಸ, ಅದಕ್ಕೆ 10, 12 ಇಂಚಿನ ಬಾರ್ ಸಾಕು. ಆದರೆ ಅದು ಲೋಹದ ಕೋಲು, ತೋಟದ ಮೇಲೆ ಕರೆಂಟ್ ಲೈನ್ ಹೋಗಿದ್ದರೆ ಆ ಸಾಲಿನ ತಂಟೆಗೇ ಹೋಗಬೇಡಿ. ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಏನೇನಾಗಿದೆ ಅಂತ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾ?

ಮಳೆಗೆ ಬಿದ್ದ ಮರದ ವಿಷಯ ಹೇಳದಿದ್ದರೆ ಪತ್ರ ಅರ್ಧ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ರಸ್ತೆಗೂ ಮರ ಬಿದ್ದಿತ್ತು, ನಾವೇ ನಾಲ್ಕು ಜನ ಹೋಗಿದ್ದೆವು. ಬಿದ್ದ ಮರ ಸುಮ್ನೆ ಮಲಗಿರುವುದಿಲ್ಲ. ಒಂದು ಕಡೆ ಬಿಲ್ಲಿನ ಹಾಗೆ ಬಗ್ಗಿ ಬಿಗಿದುಕೊಂಡಿರುತ್ತದೆ, ಇನ್ನೊಂದು ಕಡೆ ಒತ್ತಿಕೊಂಡಿರುತ್ತದೆ. ಒತ್ತಿಕೊಂಡಿರುವ ಕಡೆಯಿಂದಲೇ ಪೂರ್ತಿ ಕೊಯ್ಯಲು ಹೋದರೆ ಮರ ಬಾರನ್ನು ಕಚ್ಚಿ ಹಿಡಿಯುತ್ತದೆ. ಆ ದಿನ ನನ್ನ 22 ಇಂಚನ್ನು ಹಾಗೆ ಕಚ್ಚಿ ಹಿಡಿದು, ಇಂಜಿನ್ ಭಾಗ ಬಿಚ್ಚಿಕೊಂಡು ಬಾರನ್ನು ಅಲ್ಲೇ ಬಿಟ್ಟು, ಪಕ್ಕದ ತೋಟದ ಸಣ್ಣ ಮೆಷಿನ್ ತಂದು ಬಿಡಿಸಬೇಕಾಯಿತು. ಬಗ್ಗಿದ್ದು ನೋಡಿ, ಒತ್ತಿದ ಕಡೆ ಮೊದಲು ಸ್ವಲ್ಪವೇ ಕೊಯ್ದು, ಆಮೇಲೆ ಬಿಗಿದ ಕಡೆಯಿಂದ ಕೊಯ್ಯಬೇಕು. ಬಿಗಿದ ಕಡೆಯ ಎದುರು ನಿಲ್ಲಬಾರದು. ಜೇಬಲ್ಲಿ ಎರಡು ಮರದ ಬೆಣೆ ಇರಲಿ, ಕಬ್ಬಿಣದ್ದು ಬೇಡ, ಚೈನಿಗೆ ತಾಗಿದರೆ ಮುಗಿಯಿತು.

ಸಂಪಾದಕರೇ, ನನ್ನದು ಎರಡು ಕೋರಿಕೆ. ಮೆಷಿನ್ ಮಾರುವವರು 'ದಪ್ಪ ಮರ ಎಷ್ಟಿದೆ' ಅನ್ನುವ ಪ್ರಶ್ನೆ ಬಿಟ್ಟು 'ದಿನಾ ಏನು ಕೊಯ್ತೀರಿ' ಅಂತ ಕೇಳಲಿ. ಪೆಟ್ಟಿಗೆಯೊಳಗೆ ಬರುವ ಪುಸ್ತಕ ಚೀನೀ ಭಾಷೆಯಲ್ಲಿ, ಮುರುಕು ಇಂಗ್ಲಿಷಿನಲ್ಲಿ ಇರುತ್ತದೆ, ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಕೊಟ್ಟರೆ ಎಷ್ಟು ಖರ್ಚು? ಇನ್ನೊಂದು, ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಕಸಿ ಕಟ್ಟುವುದು, ಗೊಬ್ಬರ ಹಾಕುವುದು ಹೇಳಿಕೊಡುವ ಹಾಗೆಯೇ ಮರಗಸಿಗೆ ಮುಂಚೆ ಒಂದು ದಿನ ಚೈನ್ ಗರಗಸ ಹಿಡಿಯುವುದನ್ನೂ ಹೇಳಿಕೊಡಲಿ. ಮಾಲೀಕರಿಗಲ್ಲ, ಕೆಲಸ ಮಾಡುವವರಿಗೆ, ಕೂಲಿ ಕೊಟ್ಟು. ಆ ದಿನ ಹೆಲ್ಮೆಟ್ಟು, ಕಿವಿಗೆ ಮುಚ್ಚುವುದು, ಚೈನ್ ತಾಗಿದರೆ ನಾರು ಕಿತ್ತು ಚೈನನ್ನೇ ನಿಲ್ಲಿಸುವ ಆ ದಪ್ಪ ಪ್ಯಾಂಟು, ಇವನ್ನೆಲ್ಲ ಒಮ್ಮೆ ತೊಡಿಸಿ ತೋರಿಸಲಿ. ನಮ್ಮ ಸೆಕೆಗೆ ಆ ಪ್ಯಾಂಟು ಕಷ್ಟ ಅನ್ನುವುದು ನಿಜ, ನಾನೂ ಬಯ್ಯುತ್ತಲೇ ಹಾಕಿಕೊಳ್ಳುತ್ತೇನೆ.

ಮೊನ್ನೆ ಪಕ್ಕದ ತೋಟದ ಹುಡುಗ ಮೆಷಿನ್ ತರಲು ಹೊರಟಿದ್ದ. '20 ಇಂಚಾ, 22 ಇಂಚಾ ಅಣ್ಣ?' ಅಂದ. ಕಾಕಾ ಕೊಟ್ಟಿದ್ದ ದಾರ ಕೈಗೆ ಕೊಟ್ಟು, ಮೊದಲು ತೋಟ ಸುತ್ತಿ ಬಾ ಅಂತ ಕಳಿಸಿದೆ. ಸಂಜೆ ಬೆವರು ಒರೆಸಿಕೊಳ್ಳುತ್ತಾ ಬಂದ.

'ನಲವತ್ತು ಮರ ಅಳೆದೆ ಅಣ್ಣ. ಮೂವತ್ತಾರು ಹದಿನಾಲ್ಕರ ಒಳಗೇ ಇದಾವೆ.'

'ಉಳಿದ ನಾಲ್ಕು?'

'ಅವು ಅಜ್ಜ ನೆಟ್ಟಿದ್ದು. ಅಪ್ಪ ಮುಟ್ಟೋಕೂ ಬಿಡಲ್ಲ.'

ಇತಿ,
ಒಬ್ಬ ಕಾಫಿ ಬೆಳೆಗಾರ,
ಮೂಡಿಗೆರೆ ತಾಲ್ಲೂಕು